ಗಾಯವೂ ಬಲವೂ: ಫ್ಯಾಂಟಸಿ ಅನಿಮೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಗಳಲ್ಲಿ, ಸಿನಿಮಾ ಮುಗಿದ ಮೇಲಿನ ಹರಟೆಗಳಲ್ಲಿ, ಬರಹಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ ಮತ್ತು ಸಿನಿಮಾಗಳು, ನೋವನ್ನೂ ಅದರಿಂದ ಬರುವ ಬಲವನ್ನೂ ಹೇಗೆ ತೋರಿಸುತ್ತವೆ ಎಂಬುದೇ ಬಹುತೇಕ ಪ್ರಶ್ನೆಗಳ ವಿಷಯ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಉತ್ತರಗಳಲ್ಲಿ ಹಲವು ಕಥೆಗಳ ಕೊನೆ ಬಯಲಾಗುತ್ತದೆ. ನೋಡದೇ ಇರುವ ಸರಣಿಯ ಹೆಸರು ಕಂಡರೆ ಆ ಉತ್ತರ ಬಿಟ್ಟು ಮುಂದೆ ಹೋಗಿ.

### ಈಗಷ್ಟೇ ನೋಡಲು ಶುರು ಮಾಡಿದವರಿಂದ

ಕಾರ್ಟೂನ್‌ನಾಗ ಇಷ್ಟೊಂದು ಸಾವು, ಅಳು ಯಾಕ್ರೀ? ಹುಡುಗರು ನೋಡೂದಲ್ಲೇನು ಇದು?

ನಮ್ಮಲ್ಲಿ ಬಹಳ ಜನಕ್ಕೆ ಅನಿಮೆ ಪರಿಚಯವಾದದ್ದು ಟಿವಿಯ ಡೋರೇಮಾನ್, ಶಿನ್‌ಚಾನ್ ಮೂಲಕ. ಹಾಗಾಗಿ ಈ ಪ್ರಶ್ನೆ ಸಹಜ. ಜಪಾನಿನಲ್ಲಿ ಮಾತ್ರ ಮಕ್ಕಳಿಗೆ, ಹದಿಹರೆಯದವರಿಗೆ, ದೊಡ್ಡವರಿಗೆ ಬೇರೆ ಬೇರೆ ಚಿತ್ರಕಥೆ ಪತ್ರಿಕೆಗಳಿವೆ, ಪ್ರಸಾರದ ಹೊತ್ತೂ ಬೇರೆ. 2011ರ ಮಡೋಕಾ ಮಾಜಿಕಾ ನಡುರಾತ್ರಿ ಬರುತ್ತಿದ್ದ 12 ಕಂತಿನ ಸರಣಿ. ಪೋಸ್ಟರ್ ನೋಡಿದರೆ ರಿಬ್ಬನ್, ಗುಲಾಬಿ ಕೂದಲು, ಮುದ್ದಾದ ಬಿಳಿ ಪ್ರಾಣಿ. ಮೂರನೇ ಕಂತಿನಲ್ಲಿ ಅಕ್ಕನಂತೆ ಕಾಪಾಡುತ್ತಿದ್ದ ಹುಡುಗಿಯೇ ಭೀಕರವಾಗಿ ಸಾಯುತ್ತಾಳೆ. ಪೋಸ್ಟರ್ ನಂಬಿ ಎಂಟು ವರ್ಷದ ಮಗುವಿನ ಕೈಗೆ ರಿಮೋಟ್ ಕೊಡಬೇಡಿ. ಮೊದಲ ಮೂರು ಕಂತನ್ನು ನೀವು ನೋಡಿ, ಆಮೇಲೆ ನಿರ್ಧಾರ ಮಾಡಿ.

ಪ್ರತಿ ಹೀರೋಗೂ ಅಪ್ಪ-ಅಮ್ಮ ಸತ್ತಿರಲೇಬೇಕಾ?

ಬೇಕಿಲ್ಲ. ಆದರೆ ಹದಿಮೂರು-ಹದಿನಾಲ್ಕರ ಹುಡುಗನನ್ನು ಮನೆಯಿಂದ ಹೊರಗೆ ಕಳಿಸಬೇಕಲ್ಲ. ಅಪ್ಪ-ಅಮ್ಮ ಇದ್ದರೆ ಬಿಡುತ್ತಾರಾ? ಅರ್ಧ ಕಾರಣ ಇಷ್ಟೇ, ಬರಹಗಾರರ ಅನುಕೂಲ. ಸೋಮಾರಿ ಕಥೆ ಮೊದಲ ಹತ್ತು ನಿಮಿಷದಲ್ಲಿ ತಂದೆ-ತಾಯಿಯನ್ನು ಕೊಂದು ಆಮೇಲೆ ಅವರನ್ನು ಮರೆತೇಬಿಡುತ್ತದೆ. ಡೀಮನ್ ಸ್ಲೇಯರ್ ಮರೆಯುವುದಿಲ್ಲ. ನಾಯಕ ತಂಜಿರೊನ ಮನೆಯವರನ್ನು ಹಿಮ ಬಿದ್ದ ಆ ಬೆಳಗ್ಗೆ ಹೆಣವಾಗಿ ಕಂಡ ನಾವು, 2020ರ ಮುಗೆನ್ ಟ್ರೇನ್ ಸಿನಿಮಾದಲ್ಲಿ ಅವನ ಕನಸಿನೊಳಗೆ ಮತ್ತೆ ಕಾಣುತ್ತೇವೆ. ತಮ್ಮ ತಂಗಿಯರೆಲ್ಲ ಬದುಕಿದ್ದಾರೆ. ಇದು ಶತ್ರು ಕಟ್ಟಿದ ಕನಸು ಎಂದು ಅವನಿಗೆ ಗೊತ್ತಾಗುತ್ತದೆ. ಎಚ್ಚರವಾಗಬೇಕೆಂದರೆ ತನಗಾಗಿ ಅಳುತ್ತಿರುವ ತಮ್ಮನಿಗೆ ಬೆನ್ನು ಹಾಕಿ ಹಿಮದಲ್ಲಿ ನಡೆದುಹೋಗಬೇಕು. ಆ ಸಿನಿಮಾದ ಅಷ್ಟೂ ಹೊಡೆದಾಟಕ್ಕಿಂತ ಆ ನಡಿಗೆ ಭಾರ.

ಭೂತ, ಶಾಪ, ಮಂತ್ರ ಇಲ್ದೇನೇ ನೇರವಾಗಿ ಹೇಳಬಹುದಲ್ವಾ? ನೋವನ್ನ ಹೇಳೋಕೆ ಫ್ಯಾಂಟಸಿ ಯಾಕೆ ಬೇಕು?

ನೇರವಾಗಿ ಹೇಳುವ ಅನಿಮೆಗಳೂ ಇವೆ, ಚೆನ್ನಾಗಿಯೂ ಇವೆ. ಫ್ಯಾಂಟಸಿಗೆ ಒಂದು ಹೆಚ್ಚಿನ ಅನುಕೂಲವಿದೆ: ಒಳಗಿನ ಗಾಯಕ್ಕೆ ಮೈ ಕೊಟ್ಟು ಇನ್ನೊಬ್ಬರ ಕಣ್ಣೆದುರು ನಿಲ್ಲಿಸಬಹುದು.

ಫ್ರೂಟ್ಸ್ ಬಾಸ್ಕೆಟ್ ನೋಡಿ (2019ರಿಂದ 2021ರವರೆಗೆ ಬಂದ ಮರುರೂಪ, ಮೂರು ಸೀಸನ್, 63 ಕಂತು). ಸೋಮಾ ಎಂಬ ಮನೆತನದ ಕೆಲವರಿಗೆ ಚೀನೀ ರಾಶಿಚಕ್ರದ ಹನ್ನೆರಡು ಪ್ರಾಣಿಗಳ ಶಾಪ. ಆ ಹನ್ನೆರಡರಲ್ಲಿ ಸೇರದ ಬೆಕ್ಕಿನ ಶಾಪ ಹೊತ್ತವನು ಕ್ಯೋ. ಅವನ ಕೈಯಲ್ಲಿ ಸದಾ ಒಂದು ಮಣಿಸರ. ತೆಗೆದರೆ ಅವನು ವಿಕಾರ ರೂಪ ತಾಳುತ್ತಾನೆ, ಕೊಳೆತ ನಾತ ಹೊಡೆಯುತ್ತದೆ. ಮೊದಲ ಸೀಸನ್ನಿನ ಕೊನೆಯಲ್ಲಿ ಅವನ ಗುರುವೇ ಬೇಕೆಂದು ಆ ಸರ ಕಿತ್ತು ತೆಗೆಯುತ್ತಾರೆ, ಅದೂ ತೊಹ್ರು ಎಂಬ ಹುಡುಗಿಯ ಎದುರು. ಅವಳು ಕೂಡಲೇ ಓಡಿಹೋಗಿ ತಬ್ಬಿಕೊಳ್ಳುವುದಿಲ್ಲ. ಹೊಟ್ಟೆ ತೊಳಸುತ್ತದೆ, ಕಾಲು ನಡುಗುತ್ತದೆ. ಆಮೇಲೆ ಮಳೆಯಲ್ಲಿ ಅವನನ್ನು ಹುಡುಕಿಕೊಂಡು ಹೋಗುತ್ತಾಳೆ, ನನಗೆ ಹೆದರಿಕೆಯಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಾಳೆ, ಆದರೂ ಜೊತೆಗಿರುತ್ತೇನೆ ಎನ್ನುತ್ತಾಳೆ.

ಕ್ಯೋನ ತಾಯಿಯೂ ಅವನನ್ನು ಪ್ರೀತಿಸುತ್ತೇನೆ ಎಂದೇ ಹೇಳುತ್ತಿದ್ದಳು. ಜೊತೆಗೆ ದಿನಕ್ಕೆ ಎಷ್ಟೋ ಸಲ ಮಣಿಸರ ಸರಿಯಾಗಿದೆಯಾ ಎಂದು ಮುಟ್ಟಿ ನೋಡುತ್ತಿದ್ದಳು. ಮಗನಿಗೆ ಅರ್ಥವಾದದ್ದು ಆ ಬೆರಳುಗಳ ಮಾತು. ಮನಶ್ಶಾಸ್ತ್ರದ ಒಂದು ಪಾರಿಭಾಷಿಕ ಪದವೂ ಇಲ್ಲದೆ, ಒಂದು ಮಣಿಸರ ಇಟ್ಟುಕೊಂಡು ಕಥೆ ಇಷ್ಟನ್ನೂ ಹೇಳಿಬಿಡುತ್ತದೆ. ನೇರ ಕಥೆಯಲ್ಲಿ ಇದಕ್ಕೆ ಎರಡು ಪುಟ ಸಂಭಾಷಣೆ ಬೇಕಾಗುತ್ತಿತ್ತು.

ಯಾವುದರಿಂದ ಶುರು ಮಾಡಲಿ? ತೀರಾ ಹಿಂಸೆ ಬೇಡ.

ಮೊರಿಬಿತೊ, 2007, 26 ಕಂತು. ರಕ್ತ ಕಡಿಮೆ, ಬದುಕು ಹೆಚ್ಚು. ಅದಾದ ಮೇಲೆ ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್ (2009-10, 64 ಕಂತು). ಅದರ ನಾಲ್ಕನೇ ಕಂತಿನಲ್ಲಿ ಒಬ್ಬ ಪುಟ್ಟ ಹುಡುಗಿ ಮತ್ತು ಅವಳ ನಾಯಿ ಬರುತ್ತಾರೆ. ಆ ಕಂತನ್ನು ಮಲಗುವ ಮುಂಚೆ ನೋಡಬೇಡಿ.

### ಒಂದಷ್ಟು ನೋಡಿ ಮುಗಿಸಿದವರಿಂದ

ನೋವು ತಿಂದಷ್ಟೂ ಪವರ್ ಜಾಸ್ತಿ ಆಗುತ್ತೆ ಅನ್ನೋದೇ ಎಲ್ಲಾ ಕಥೆಗಳ ಸಾರ ಅಲ್ವಾ?

ಕೆಟ್ಟ ಕಥೆಗಳ ಸಾರ ಅದೇ. ನೋವನ್ನು ಇಂಧನದಂತೆ ಸುರಿದರೆ ಶಕ್ತಿ ಹೊರಬರುತ್ತದೆ ಎಂಬ ಲೆಕ್ಕಾಚಾರ ನೋಡುಗರಿಗೆ ಖುಷಿ ಕೊಡುತ್ತದೆ, ಏಕೆಂದರೆ ಅನುಭವಿಸಿದ್ದು ವ್ಯರ್ಥವಾಗಲಿಲ್ಲ ಎನ್ನಿಸುತ್ತದೆ. ನಿಜಜೀವನದಲ್ಲಿ ಬಹುಪಾಲು ನೋವು ಯಾರಿಗೂ ಏನೂ ಕೊಡುವುದಿಲ್ಲ, ನಿದ್ದೆ ಕಿತ್ತುಕೊಳ್ಳುತ್ತದೆ ಅಷ್ಟೆ.

ಹಿರೊಮು ಅರಕಾವಾ 2001ರಿಂದ 2010ರವರೆಗೆ ಬರೆದ ಫುಲ್‌ಮೆಟಲ್ ಆಲ್ಕೆಮಿಸ್ಟ್ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡ ಕಥೆ. ಎಡ್ವರ್ಡ್, ಅಲ್ಫಾನ್ಸ್ ಅಣ್ಣತಮ್ಮಂದಿರು. ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೋಗುತ್ತಾರೆ. ಎಡ್‌ನ ಎಡಗಾಲು ಹೋಗುತ್ತದೆ, ತಮ್ಮನ ಇಡೀ ದೇಹವೇ ಹೋಗುತ್ತದೆ. ತಮ್ಮನ ಆತ್ಮವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟಿಹಾಕಲು ಎಡ್ ಬಲಗೈಯನ್ನೂ ಕೊಡುತ್ತಾನೆ. ಅದೇ ರಾತ್ರಿ ಅವನಿಗೆ ಹೊಸ ಶಕ್ತಿಯೊಂದು ಬರುತ್ತದೆ. ಉಳಿದವರು ನೆಲದ ಮೇಲೆ ವೃತ್ತ ಬರೆದು ಮಾಡುವುದನ್ನು ಇವನು ಎರಡೂ ಕೈ ಜೋಡಿಸಿ ತಟ್ಟಿದರೆ ಸಾಕು. ಇಲ್ಲಿಯವರೆಗೆ ನೀವು ಹೇಳಿದ ಲೆಕ್ಕವೇ ಸರಿ.

ಆದರೆ ಆ ಕೈ ತಟ್ಟಲು ಮೊದಲು ಕೈ ಬೇಕಲ್ಲ. ಅದನ್ನು ಮಾಡಿಕೊಡುವವರು ಪಕ್ಕದ ಮನೆಯ ವಿನ್ರಿ ಮತ್ತು ಅವಳ ಅಜ್ಜಿ ಪಿನಾಕೊ. ನರಗಳಿಗೆ ಉಕ್ಕಿನ ಅವಯವ ಜೋಡಿಸುವ ಶಸ್ತ್ರಚಿಕಿತ್ಸೆ, ಆಮೇಲೆ ಚೇತರಿಕೆ. ಮೂರು ವರ್ಷ ಬೇಕು ಎನ್ನುತ್ತಾಳೆ ಅಜ್ಜಿ, ಒಂದು ವರ್ಷ ಎಂದು ಹಟ ಹಿಡಿಯುತ್ತಾನೆ ಹುಡುಗ. ಕೈ ಮುರಿದಾಗಲೆಲ್ಲ ವಿನ್ರಿ ಸ್ಪ್ಯಾನರ್ ಎಸೆದು ಬೈದು ರಿಪೇರಿ ಮಾಡುತ್ತಾಳೆ. ಉತ್ತರದ ಹಿಮಪ್ರದೇಶಕ್ಕೆ ಹೋದರೆ ಉಕ್ಕು ತಣ್ಣಗಾಗಿ ಮೈಗೆ ಅಪಾಯ, ಅದಕ್ಕಾಗಿ ಬೇರೆ ಲೋಹದ ಹಗುರ ಕೈಯನ್ನೇ ಹಾಕಬೇಕಾಗುತ್ತದೆ. ಶಕ್ತಿ ಬಂದದ್ದು ಒಂದು ರಾತ್ರಿಯಲ್ಲಿ, ಅದನ್ನು ಹೊತ್ತು ಓಡಾಡಲು ಮಾತ್ರ ವರ್ಷಗಟ್ಟಲೆ ಇನ್ನೊಬ್ಬರ ದುಡಿಮೆ ಬೇಕು. ಕೊನೆಯಲ್ಲಿ ತಮ್ಮನ ದೇಹ ಮರಳಿ ತರಲು ಎಡ್ ಬೆಲೆಯಾಗಿ ಕೊಡುವುದು ಆ ರಸವಿದ್ಯೆಯ ಶಕ್ತಿಯನ್ನೇ. ಬಲಗೈ ಮರಳಿ ಬರುತ್ತದೆ, ಎಡಗಾಲು ಉಕ್ಕಿನದಾಗಿಯೇ ಉಳಿಯುತ್ತದೆ. ತಮ್ಮ ಮೂಳೆಚಕ್ಕಳವಾಗಿ ಕೋಲೂರಿಕೊಂಡು ಊರಿಗೆ ಬರುತ್ತಾನೆ. ನನಗೆ ಈ ಮುಕ್ತಾಯ ಇಷ್ಟವಾಗುವುದು ಆ ಕೋಲಿನಿಂದಾಗಿ. ಅದನ್ನು ತೆಗೆದು ಇಬ್ಬರನ್ನೂ ಗಟ್ಟಿಮುಟ್ಟಾಗಿ ನಿಲ್ಲಿಸಿದ್ದರೆ ಕಥೆ ಸುಳ್ಳಾಗುತ್ತಿತ್ತು.

ಮಡೋಕಾದಲ್ಲಿ ಹುಡುಗೀರಿಗೆ ಶಕ್ತಿ ಸಿಗುತ್ತೆ, ಆದ್ರೂ ಎಲ್ಲರ ಬದುಕೂ ಹಾಳಾಗುತ್ತೆ. ಇದನ್ನ ಸಬಲೀಕರಣ ಅಂತ ಹೇಗೆ ಕರೀತೀರಾ?

ನಾನು ಕರೆಯುವುದಿಲ್ಲ. ಹದಿನಾಲ್ಕರ ಹುಡುಗಿಯರ ಕೈಯಲ್ಲಿ ಕರಾರಿಗೆ ರುಜು ಹಾಕಿಸಿಕೊಳ್ಳುವವರ ಕಥೆ ಅದು. ಕ್ಯೂಬೆ ಎಂಬ ಆ ಮುದ್ದು ಪ್ರಾಣಿ ಒಂದು ಆಸೆ ಪೂರೈಸುತ್ತದೆ, ಬದಲಿಗೆ ಮಾಟಗಾತಿಯರ ವಿರುದ್ಧ ಹೋರಾಡಬೇಕು. ಸುಳ್ಳನ್ನೇನೂ ಹೇಳುವುದಿಲ್ಲ; ಕೇಳದೇ ಇದ್ದುದನ್ನು ಹೇಳುವುದಿಲ್ಲ, ಅಷ್ಟೆ. ಪಿಟೀಲು ನುಡಿಸುವ ಗೆಳೆಯನ ಕೈ ಸರಿಹೋಗಲಿ ಎಂದು ಸಯಾಕಾ ಒಪ್ಪುತ್ತಾಳೆ. ತನ್ನ ಆತ್ಮವನ್ನು ಕಿತ್ತು ಒಂದು ಹರಳಿನೊಳಗೆ ಇಟ್ಟಿದ್ದಾರೆ, ದೇಹ ಬರೀ ಚಿಪ್ಪು ಎಂಬುದು ಆಮೇಲೆ ತಿಳಿಯುತ್ತದೆ. ನೋವು ಗೊತ್ತಾಗದ ಹಾಗೆ ಹೋರಾಡುವುದನ್ನೂ ಕಲಿಯುತ್ತಾಳೆ. ಆ ದೃಶ್ಯದಲ್ಲಿ ಅವಳು ನಗುತ್ತಾ ಕತ್ತಿ ಬೀಸುತ್ತಾಳೆ. ಹೊರಗಿನಿಂದ ನೋಡಿದವರಿಗೆ ಅದು ಶಕ್ತಿಯ ಶಿಖರ. ಒಳಗೆ ಹುಡುಗಿ ಆಗಲೇ ಮುಳುಗಿದ್ದಾಳೆ.

ಹೊಮುರಾ ಇನ್ನೂ ಕಠಿಣ ಪ್ರಕರಣ. ಗೆಳತಿ ಮಡೋಕಾಳನ್ನು ಉಳಿಸಲು ಕಾಲವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸುತ್ತಾಳೆ. ಹತ್ತನೇ ಕಂತಿನಲ್ಲಿ ಅವಳ ಮೊದಲಿನ ರೂಪ ಕಾಣುತ್ತದೆ: ಕನ್ನಡಕ, ಎರಡು ಜಡೆ, ಹೃದ್ರೋಗದಿಂದ ಎದ್ದು ಬಂದ ನಾಚಿಕೆಯ ಹುಡುಗಿ. ಪ್ರತಿ ಸುತ್ತಿನಲ್ಲೂ ಅವಳು ಗಟ್ಟಿಯಾಗುತ್ತಾಳೆ, ಪ್ರತಿ ಸುತ್ತಿನಲ್ಲೂ ಮಡೋಕಾಳ ಮೇಲಿನ ವಿಧಿಯ ಹೊರೆ ಹೆಚ್ಚುತ್ತದೆ. ಕಾಪಾಡುವ ಪ್ರಯತ್ನವೇ ಅಪಾಯವನ್ನು ದೊಡ್ಡದು ಮಾಡುತ್ತದೆ. ಶಕ್ತಿ ಪಡೆದ ಹುಡುಗಿಯರು ಕೊನೆಗೆ ತಾವೇ ಮಾಟಗಾತಿಯರಾಗಬೇಕು ಎಂಬುದು ಆ ಲೋಕದ ನಿಯಮ. ಕೊನೆಗೆ ಮಡೋಕಾ ಆ ನಿಯಮವನ್ನೇ ಬದಲಿಸುವಂಥ ಆಸೆ ಕೇಳುತ್ತಾಳೆ, ಅದರ ಬೆಲೆಗೆ ತಾನೇ ಈ ಲೋಕದಿಂದ ಅಳಿಸಿಹೋಗುತ್ತಾಳೆ. ಆಟದ ನಿಯಮ ಮುರಿದಳು ಎಂದು ಸಂಭ್ರಮಿಸುವವರಿದ್ದಾರೆ. ಉಳಿದವರಿಗಾಗಿ ಒಬ್ಬ ಹೆಣ್ಣುಮಗಳು ಇಲ್ಲವಾಗುವುದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕತ್ತಿ ಹಿಡಿದ ಹೆಣ್ಣು ಅಂದ್ರೆ ಸಬಲೆ, ಅಷ್ಟೇನಾ?

ಮೊರಿಬಿತೊದ ಬಾಲ್ಸಾಗೆ ಮೂವತ್ತು ವರ್ಷ, ಬಾಡಿಗೆ ಅಂಗರಕ್ಷಕಿ, ಭರ್ಜಿ ಅವಳ ಆಯುಧ. (ಅನಿಮೆಯಲ್ಲಿ ಮೂವತ್ತರ ನಾಯಕಿ ಸಿಗುವುದೇ ಅಪರೂಪ.) ಅವಳನ್ನು ಚಿಕ್ಕಂದಿನಲ್ಲಿ ಕಾಪಾಡಿ ಸಾಕಿದ ಜಿಗುರೊ, ಬೆನ್ನಟ್ಟಿ ಬಂದ ತನ್ನದೇ ಎಂಟು ಗೆಳೆಯರನ್ನು ಕೊಲ್ಲಬೇಕಾಯಿತು. ಅದಕ್ಕೆ ಪ್ರಾಯಶ್ಚಿತ್ತವಾಗಿ ಎಂಟು ಜೀವ ಉಳಿಸುವ ಹರಕೆ ಬಾಲ್ಸಾಳದು. ಮೂಲ ಬರೆದ ನಾಹೊಕೊ ಉಎಹಾಶಿ ಮಾನವಶಾಸ್ತ್ರ ಓದಿದವರು. ಅದಕ್ಕೇ ಇರಬೇಕು, ಕಥೆಗೆ ಅಡುಗೆ, ಬಟ್ಟೆ, ಸಂತೆಯ ಮೇಲೆ ಅಷ್ಟು ಕಣ್ಣು. ಕೊಲೆಗಡುಕರಿಂದ ತಪ್ಪಿಸಿ ತಂದ ರಾಜಕುಮಾರ ಚಾಗುಮ್ ಜೊತೆ ಅವಳು ಒಂದು ನೀರುಗಿರಣಿಯ ಮನೆಯಲ್ಲಿ ಅಡಗಿ ಸಂಸಾರ ಹೂಡುತ್ತಾಳೆ. ಹಲವು ಕಂತು ದೊಡ್ಡ ಹೊಡೆದಾಟವೇ ಇಲ್ಲ. ಭರ್ಜಿ ಬೀಸುವಾಗ ಅವಳು ಸಮರ್ಥೆ ಎಂಬುದು ಗೊತ್ತೇ ಇದೆ. ಆ ಹುಡುಗನಿಗೆ ಸಿಟ್ಟು ಬಂದಾಗ ಅದನ್ನು ತಾಳಿಕೊಂಡು ಪಕ್ಕದಲ್ಲಿರುವುದರಲ್ಲಿ ಅವಳ ಬಲ ನನಗೆ ಕಂಡಿತು. ಜಿಗುರೊ ತನ್ನ ಸಿಟ್ಟನ್ನು ಹೇಗೆ ತಾಳಿಕೊಂಡಿದ್ದಿರಬಹುದು ಎಂಬುದು ಅವಳಿಗೆ ತಿಳಿಯುವುದೂ ಆ ದಿನಗಳಲ್ಲೇ.

ಕತ್ತಿ ಹಿಡಿಯದ ವಿನ್ರಿಯನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಅವಳ ಮಾತು ಮುಂದಿನ ಉತ್ತರದಲ್ಲಿದೆ.

ನೋವು ಕೊಟ್ಟವರನ್ನ ಕ್ಷಮಿಸಿದ್ರೇನೇ ಗುಣ ಆಗೋದು ಅಂತ ಈ ಕಥೆಗಳು ಹೇಳ್ತಾವಾ?

ಹೇಳುವವೂ ಇವೆ, ಅವು ನನಗೆ ಹಿಡಿಸುವುದಿಲ್ಲ. ಫ್ರೂಟ್ಸ್ ಬಾಸ್ಕೆಟ್‌ನಂಥ ಒಳ್ಳೆಯ ಸರಣಿಯೂ ಮನೆಯವರನ್ನೆಲ್ಲ ಹಿಂಸಿಸಿದ ಅಕಿತೊಗೆ ಕೊನೆಯಲ್ಲಿ ತುಸು ಬೇಗನೇ ಕದ ತೆರೆಯುತ್ತದೆ.

ವಿನ್ರಿಯ ತಂದೆ-ತಾಯಿ ವೈದ್ಯರು. ಇಶ್ವಾಲ್ ಎಂಬ ಜನರ ಮೇಲೆ ಅವರ ದೇಶ ನಡೆಸಿದ ಯುದ್ಧದಲ್ಲಿ ಶತ್ರುಪಕ್ಷದವರೆಂದು ನೋಡದೆ ಗಾಯಾಳುಗಳಿಗೆ ಮದ್ದು ಹಾಕಿದವರು. ಅವರಿಂದ ಚಿಕಿತ್ಸೆ ಪಡೆದ ಇಶ್ವಾಲಿನ ಸ್ಕಾರ್, ತನ್ನ ಜನರೆಲ್ಲ ಸತ್ತ ಉನ್ಮಾದದಲ್ಲಿ ಅವರನ್ನೇ ಕೊಂದ. ಇದು ತಿಳಿದ ದಿನ ವಿನ್ರಿ ಬಂದೂಕು ಎತ್ತುತ್ತಾಳೆ, ಗುಂಡು ಹಾರಿಸಲಾಗುವುದಿಲ್ಲ. ಬಹಳ ದಿನಗಳಾದ ಮೇಲೆ, ಉತ್ತರದ ಹಿಮದ ಸೀಮೆಯಲ್ಲಿ, ಕಟ್ಟಿಹಾಕಿದ್ದ ಸ್ಕಾರ್‌ನ ತೋಳಿಂದ ರಕ್ತ ಸುರಿಯುತ್ತಿರುತ್ತದೆ. ಅವಳು ಹೋಗಿ ಪಟ್ಟಿ ಕಟ್ಟುತ್ತಾಳೆ. ಅಪ್ಪ-ಅಮ್ಮ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಎಂಬುದು ಅವಳ ಕಾರಣ. ಕ್ಷಮಿಸುತ್ತೀಯಾ ಎಂದರೆ, ಅನ್ಯಾಯವನ್ನು ಒಪ್ಪಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಪಟ್ಟಿಯ ಗಂಟು ಬಿಗಿಯುವ ಕೈ ಮತ್ತು ಒಪ್ಪದ ಬಾಯಿ, ಎರಡೂ ಒಂದೇ ಹುಡುಗಿಯದು. ಪ್ರಿನ್ಸೆಸ್ ಮೊನೊನೊಕೆ ಸಿನಿಮಾದಲ್ಲಿ ಕಾಡಿನ ತೋಳಗಳ ನಡುವೆ ಬೆಳೆದ ಹುಡುಗಿ ಸಾನ್ ಕೂಡ ಹೀಗೇ: ಅಶಿತಾಕ ಇಷ್ಟ, ಮನುಷ್ಯರನ್ನು ಕ್ಷಮಿಸಲಾರೆ ಎಂದು ಹೇಳಿ ಕಾಡಿಗೆ ಹೋಗುತ್ತಾಳೆ. ಅವನು ಅವಳನ್ನು ಬದಲಿಸಲು ಹೋಗುವುದಿಲ್ಲ.

### ವಾದಕ್ಕೆ ನಿಂತವರಿಂದ

ಎರೆನ್ ಮಾಡಿದ್ದು ಸರಿ ಅಂತ ನಂಗನ್ಸುತ್ತೆ. ಅಷ್ಟೆಲ್ಲ ಅನುಭವಿಸಿದವನಿಗೆ ಆ ಹಕ್ಕಿಲ್ವಾ?

ಅಟ್ಯಾಕ್ ಆನ್ ಟೈಟನ್‌ನ ಮೊದಲ ಕಂತಿನಲ್ಲಿ ತಾಯಿಯನ್ನು ಟೈಟನ್ (ಮನುಷ್ಯರನ್ನು ತಿನ್ನುವ ದೈತ್ಯ) ತಿನ್ನುವುದನ್ನು ನಾಯಕ ಎರೆನ್ ಕಣ್ಣಾರೆ ನೋಡುತ್ತಾನೆ. ನಾವೂ ಅವನ ಜೊತೆ ನೋಡುತ್ತೇವೆ, ಅಲ್ಲಿಂದ ಮುಂದೆ ಅವನ ಪಕ್ಷ. ಕಥೆ ಹಾಕುವ ಬಲೆಯೇ ಅದು. ಮುಂದೆ ಅವನೂ ಟೈಟನ್ ಆಗಬಲ್ಲವನಾಗುತ್ತಾನೆ. ಆಗುವ ಬಗೆ ಗಮನಿಸಿ: ಮೈಗೆ ಗಾಯವಾಗಬೇಕು, ಮನಸ್ಸಿನಲ್ಲಿ ಉದ್ದೇಶವಿರಬೇಕು. ಆದ್ದರಿಂದ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಾನೆ. ಗಾಯ ಆರಲು ಬಿಟ್ಟರೆ ಬಲವಿಲ್ಲ. ಹಾಗೆ ಬದುಕಿದವನು ಕೊನೆಗೆ ಪ್ರಪಂಚದ ನೂರಕ್ಕೆ ಎಂಬತ್ತು ಜನರನ್ನು ತುಳಿಸಿ ಕೊಲ್ಲುತ್ತಾನೆ. ಅವನ ಕಾಲ್ತುಳಿತದಲ್ಲಿ ಸಾಯುವ ಮಕ್ಕಳ ಮುಖಗಳನ್ನು ಸರಣಿ ಹತ್ತಿರದಿಂದ ತೋರಿಸುತ್ತದೆ. ಅದನ್ನು ನೋಡಿದ ಮೇಲೂ ಹಕ್ಕಿತ್ತು ಎನ್ನುವವರ ಜೊತೆ ವಾದ ಮುಂದುವರಿಸಲು ನನಗೆ ಹುಮ್ಮಸ್ಸಿಲ್ಲ.

ಇದೇ ಮಾತನ್ನು ಇನ್ನೂ ಸೂಕ್ಷ್ಮವಾಗಿ ಹೇಳಿದ್ದು 1997ರ ಪ್ರಿನ್ಸೆಸ್ ಮೊನೊನೊಕೆ. ಕುಲುಮೆ ಊರಿನ ಒಡತಿ ಎಬೊಶಿ ವೇಶ್ಯಾಗೃಹಗಳಿಂದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಕಬ್ಬಿಣದ ಕುಲುಮೆಯಲ್ಲಿ ಕೆಲಸ ಕೊಟ್ಟಿದ್ದಾಳೆ. ಊರು ದೂರವಿಟ್ಟ ಕುಷ್ಠರೋಗಿಗಳಿಗೆ ಮನೆ ಕೊಟ್ಟು, ಗಾಯ ತೊಳೆದು, ಬಂದೂಕು ಮಾಡುವ ಕೆಲಸ ಕೊಟ್ಟಿದ್ದಾಳೆ. ಅಪ್ಪಟ ಸಬಲೀಕರಣ. ಆ ಕಾರ್ಖಾನೆಯ ಗುಂಡೇ ಕಾಡಿನ ಹಂದಿದೇವರ ಮೈಹೊಕ್ಕು, ಅದು ಹುಚ್ಚಾಗಿ, ಎಲ್ಲೋ ದೂರದ ಅಶಿತಾಕನ ಬಲಗೈಗೆ ಶಾಪವಾಗಿ ಅಂಟಿದ್ದು. ಆ ಶಾಪದ ಕೈಗೂ ಅಪಾರ ಬಲವಿದೆ. ಅವನು ಬಿಟ್ಟ ಬಾಣ ಎದುರಾಳಿಯ ತೋಳುಗಳನ್ನೇ ಕತ್ತರಿಸಿ ಹಾಕುತ್ತದೆ. ಅವನಿಗೆ ಆ ಬಲ ಬೇಡ, ಬಳಸಿದಷ್ಟೂ ಕಲೆ ಹರಡುತ್ತದೆ. ಯಾರ ಬಲಕ್ಕೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆಗೆ ಈ ಸಿನಿಮಾದಲ್ಲಿ ಖಳನಾಯಕರಿಲ್ಲದ ಉತ್ತರವಿದೆ.

ಹೆಣ್ಣಿನ ಮೇಲಿನ ಅತ್ಯಾಚಾರವನ್ನ ಬರೀ ಶಾಕ್ ಕೊಡೋಕೆ ಬಳಸೋದು ನಿಮಗೆ ಸರಿ ಕಾಣುತ್ತಾ?

ಇಲ್ಲ. ಗಾಬ್ಲಿನ್ ಸ್ಲೇಯರ್‌ನ ಮೊದಲ ಕಂತು 2018ರ ಅಕ್ಟೋಬರಿನಲ್ಲಿ ಬಂದಾಗ ಇದೇ ಕಾರಣಕ್ಕೆ ಟೀಕೆ ಎದುರಿಸಿತು. ಹಿಂಸೆ ತೋರಿಸಿದ್ದಷ್ಟೇ ನನ್ನ ತಕರಾರಲ್ಲ. ಹಿಂಸೆಗೆ ಒಳಗಾದ ಹುಡುಗಿ ಮರುದಿನದಿಂದ ಕಥೆಯಲ್ಲೇ ಇಲ್ಲ. ಅವಳ ನೋವು ಉಕ್ಕಿನ ಟೊಪ್ಪಿಗೆ ಹಾಕಿದ ನಾಯಕನ ಗಾಂಭೀರ್ಯಕ್ಕೆ ಹಿನ್ನೆಲೆಯಾಗಿ ಬಳಕೆಯಾಗುತ್ತದೆ. ಬರ್ಸರ್ಕ್‌ನಲ್ಲಿ ಅತ್ಯಾಚಾರದ ಆಘಾತದಿಂದ ಬುದ್ಧಿ ಕಳೆದುಕೊಂಡ ಕಾಸ್ಕಾ ವಿಷಯದಲ್ಲೂ ಬಹಳ ವರ್ಷ ಇದೇ ದೂರು ಇತ್ತು. ಮೂಲ ಮಂಗಾದಲ್ಲಿ (ಜಪಾನಿನ ಚಿತ್ರಕಥೆ ಪುಸ್ತಕ) ಆಕೆಗೆ ಬುದ್ಧಿ ಮರಳಿದಾಗ, ತನ್ನನ್ನು ಅಷ್ಟು ದೂರ ಕಾಪಾಡಿ ತಂದ ನಾಯಕ ಗಟ್ಸ್‌ನ ಮುಖ ನೋಡಿದರೂ ಆ ಹಿಂಸೆಯ ನೆನಪು ನುಗ್ಗಿ ಬಂದು ಚೀರುತ್ತಾಳೆ. ಇಬ್ಬರೂ ಮತ್ತೆ ಒಂದಾಗುವ ದೃಶ್ಯಕ್ಕೆ ಕಾದಿದ್ದ ಓದುಗರಿಗೆ ನಿರಾಸೆಯಾಯಿತು. ನನಗೆ ಅದು ಆ ಕಥೆಯ ಅತ್ಯಂತ ಪ್ರಾಮಾಣಿಕ ಗಳಿಗೆಗಳಲ್ಲಿ ಒಂದು.

ಜಪಾನಿನ ಕಥೆಗಳಲ್ಲೇ ಇದು ಇಷ್ಟು ಯಾಕೆ? ಹಿರೋಶಿಮಾ ಕಾರಣಾನಾ?

ಯುದ್ಧದ ನೆನಪು ಇದೆ. ಫುಲ್‌ಮೆಟಲ್ ಆಲ್ಕೆಮಿಸ್ಟ್‌ನ ಇಶ್ವಾಲ್ ಯುದ್ಧದ ಭಾಗ ಬರೆಯುವಾಗ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಹಿರಿಯರನ್ನು ಮಾತಾಡಿಸಿದ್ದಾಗಿ ಅರಕಾವಾ ಹೇಳಿದ್ದಾರೆ. ಆದರೆ ಎಲ್ಲವನ್ನೂ ಅಣುಬಾಂಬಿಗೆ ಗಂಟು ಹಾಕುವುದು ಸುಲಭದ ಉತ್ತರ. 1995ರ ಜನವರಿಯಲ್ಲಿ ಕೋಬೆ ಭೂಕಂಪ, ಮಾರ್ಚಿನಲ್ಲಿ ಟೋಕಿಯೊ ಮೆಟ್ರೊದಲ್ಲಿ ಸಾರಿನ್ ವಿಷಾನಿಲ ದಾಳಿ. ಮಾನಸಿಕ ಆಘಾತದ ಬಗ್ಗೆ ಜನಸಾಮಾನ್ಯರು ಮಾತಾಡತೊಡಗಿದ್ದು ಆ ವರ್ಷದಿಂದೀಚೆಗೆ. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ ಬಂದಾಗ ಮಡೋಕಾ ಇನ್ನೂ ಮುಗಿದಿರಲಿಲ್ಲ. ಕೊನೆಯ ಎರಡು ಕಂತು ಏಪ್ರಿಲ್‌ಗೆ ಹೋದವು. ಆ ಹನ್ನೊಂದನೇ ಕಂತಿನಲ್ಲಿ ಊರಿನವರು ಬಿರುಗಾಳಿಗೆ ಹೆದರಿ ಒಂದು ಸಭಾಂಗಣದಲ್ಲಿ ಚಾಪೆ ಹಾಸಿ ಕೂತಿದ್ದಾರೆ, ಹೊರಗೆ ಹೊರಟ ಮಗಳನ್ನು ತಾಯಿ ತಡೆಯುತ್ತಾಳೆ. ಮೊದಲೇ ಬರೆದಿಟ್ಟ ಆ ದೃಶ್ಯವನ್ನು ನಿಜವಾದ ಶಿಬಿರಗಳ ಸುದ್ದಿಯ ನಡುವೆ ಜನ ನೋಡಿದರು.

ಸೈಕಾಲಜಿ ಓದ್ತಾ ಇದ್ದೀನಿ. ಚೇತರಿಕೆಯನ್ನ ಇವರು ಸರಿಯಾಗಿ ತೋರಿಸ್ತಾರಾ?

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಿವರಿಸಿದ ಮೂರು ಹಂತ ನಿಮಗೆ ಗೊತ್ತಿರುತ್ತದೆ: ಮೊದಲು ಸುರಕ್ಷತೆ, ಆಮೇಲೆ ನೆನೆದು ದುಃಖಿಸುವುದು, ಆಮೇಲೆ ದಿನನಿತ್ಯದ ಬದುಕಿಗೆ ಮರಳುವುದು. ಫ್ಯಾಂಟಸಿ ಅನಿಮೆಗೆ ನಡುವಿನದು ಮಾತ್ರ ಪ್ರಿಯ. ಮಳೆ, ಪಿಟೀಲು, ಮೂರು ನಿಮಿಷದ ಫ್ಲ್ಯಾಶ್‌ಬ್ಯಾಕ್, ಒಂದು ಅಳು, ತಕ್ಷಣ ಹೊಸ ಅಸ್ತ್ರ. ಸುರಕ್ಷತೆಗೆ ಸಮಯ ಕೊಟ್ಟದ್ದು ಮೊರಿಬಿತೊದ ಆ ನೀರುಗಿರಣಿಯ ಮನೆ. ಲಕ್ಷಣಗಳ ಚಿತ್ರಣದಲ್ಲಿ ಎರೆನ್‌ಗಿಂತ ಅವನ ಎದುರಾಳಿ ರೈನರ್‌ನನ್ನು ಗಮನಿಸಿ. ಟೈಟನ್‌ಗಳಿಂದ ಜನರನ್ನು ಕಾಯುತ್ತಿದ್ದ ಗೋಡೆಯನ್ನು ತಾನೇ ಒಡೆದವನು, ಒಡೆದ ಗೋಡೆಯ ಒಳಗಿನವರ ಜೊತೆ ಸೈನಿಕನಾಗಿ ಬಾಳಿ ತಾನು ಯಾರೆಂದೇ ಮರೆಯುತ್ತಾನೆ. ಅಪರಾಧ ಮಾಡಿದವನೂ ಆಘಾತಕ್ಕೆ ಒಳಗಾಗುತ್ತಾನೆ ಎಂಬುದನ್ನು ಇಷ್ಟು ಹೊತ್ತು ನಿಂತು ನೋಡಿದ ಸರಣಿಗಳು ಕಡಿಮೆ.

ನೋಡ್ತಾ ನೋಡ್ತಾ ನನ್ನದೇ ಹಳೇದೆಲ್ಲ ನೆನಪಾಗಿ ನಿದ್ದೆ ಬರ್ತಿಲ್ಲ. ಮುಂದುವರಿಸಲಾ?

ನಿಲ್ಲಿಸಿ. ಸರಣಿ ಎಲ್ಲೂ ಓಡಿಹೋಗುವುದಿಲ್ಲ. ನಂಬುವ ಒಬ್ಬರ ಹತ್ತಿರ ಮಾತಾಡಿ. ಯಾರೂ ಇಲ್ಲ ಎನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ಕಥೆ ನಿಮಗೆ ಮಾತು ಹುಡುಕಿಕೊಟ್ಟಿರಬಹುದು, ಆ ಮಾತು ಕೇಳಿಸಿಕೊಳ್ಳಲು ಮನುಷ್ಯರೇ ಬೇಕು.

ನಾನೂ ಕನ್ನಡದಲ್ಲಿ ಒಂದು ಫ್ಯಾಂಟಸಿ ಬರೀತಿದ್ದೀನಿ. ನಾಯಕಿಗೆ ಎಂಥ ಹಿನ್ನೆಲೆ ಕೊಟ್ರೆ ಗಟ್ಟಿಯಾಗುತ್ತೆ?

ಹಿನ್ನೆಲೆ ಹುಡುಕುವುದನ್ನು ಸ್ವಲ್ಪ ದಿನ ಬದಿಗಿಡಿ. ಯಾವ ಯುದ್ಧವೂ ಇಲ್ಲದ ಒಂದು ಸಾಮಾನ್ಯ ದಿನ ಅವಳು ಏನು ಮಾಡುತ್ತಾಳೆ ಎಂದು ಒಂದು ಅಧ್ಯಾಯ ಬರೆಯಿರಿ. ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾಳಾ? ಯಾರಾದರೂ ಹಿಂದಿನಿಂದ ಹೆಸರು ಕೂಗಿದರೆ ಕೈಯಲ್ಲಿದ್ದ ಲೋಟ ಏನಾಗುತ್ತದೆ? ಯಾರ ಮನೆಯ ಊಟ ಅವಳಿಗೆ ಇಳಿಯುತ್ತದೆ? ಅದು ಗೊತ್ತಾದರೆ ಹಿಂದೆ ಏನು ನಡೆದಿತ್ತು ಎಂಬುದು ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ. ಆಮೇಲೆ ಅವಳ ಶಕ್ತಿಗೆ ಒಂದು ನಿಯಮ ಹಾಕಿ, ಆ ನಿಯಮದಿಂದ ತೊಂದರೆಗೆ ಸಿಲುಕುವ ಇನ್ನೊಬ್ಬ ಪಾತ್ರವನ್ನು ಅವಳ ಪಕ್ಕದ ಮನೆಯಲ್ಲೇ ಇಡಿ.